ಕಂಚಿನ ಕಂಠ ಕೇಳಿ ಕೊಂಡದ್ದು

ನನ್ನ ಮೊದಲ ಮೂರ್ತಿ ಒಂದು ಚಿರತೆ. ಪ್ಯಾರಿಸ್‌ಗೆ ಕೆಲಸಕ್ಕೆ ಬಂದು ಎರಡು ವರ್ಷವಾಗಿತ್ತು. 1920–30ರ ದಶಕದ ಆರ್ಟ್ ಡೆಕೊ ಎಂಬ ಅಲಂಕಾರ ಶೈಲಿಯ ಫ್ರೆಂಚ್ ಮೂರ್ತಿಗಳ ಹುಚ್ಚು ಆಗಷ್ಟೇ ಹತ್ತಿತ್ತು. ಊರಾಚೆಯ ಒಂದು ಹರಾಜು ಮನೆಯ ಫೋಟೋ ನೋಡಿ, ಆನ್‌ಲೈನ್‌ನಲ್ಲೇ ಬಿಡ್ ಮಾಡಿದೆ. ಪಟ್ಟಿಯಲ್ಲಿ ‘ಕಂಚು’ ಎಂದಿತ್ತು. 380 ಯೂರೋಗೆ ಸುತ್ತಿಗೆ ಬಿತ್ತು. ಕಮಿಷನ್, ಸಾಗಣೆ ಸೇರಿ 540 ದಾಟಿತು.

ಪೆಟ್ಟಿಗೆ ಎತ್ತಿದ ಕೂಡಲೇ ಎದೆ ಧಸಕ್ಕೆಂದಿತು. ಅಷ್ಟು ಹಗುರ. ಪೀಠದ ತಿರುಪು ಬಿಚ್ಚಿ ಒಳಗೆ ಟಾರ್ಚ್ ಬಿಟ್ಟೆ. ಕಂಚಿನ ಹೊಂಬಣ್ಣ ಎಲ್ಲೂ ಇಲ್ಲ, ಬರೀ ಬೂದು. ಇಲ್ಲಿಯವರು ಅದನ್ನು ರೆಗ್ಯೂಲ್ ಅನ್ನುತ್ತಾರೆ. ಸತು, ಸೀಸ, ತವರದಂಥ ಲೋಹಗಳನ್ನು ಬೆರೆಸಿ ಎರೆದು, ಮೇಲೆ ಕಂಚಿನ ಬಣ್ಣ ಕೊಟ್ಟದ್ದು. ಜಗಳಕ್ಕೆ ಹೋಗುವಷ್ಟು ಫ್ರೆಂಚ್ ಆಗ ನನಗೆ ಬರುತ್ತಿರಲಿಲ್ಲ. ದುಡ್ಡು ಹೋಯಿತು.

ಆಮೇಲೆ ಕೈಯಲ್ಲಿ ಹಿಡಿದು ನೋಡದೆ ಏನನ್ನೂ ಕೊಂಡಿಲ್ಲ. ಓತೆಲ್ ದ್ರುಓಗೆ ಹೋಗಲು ಶುರುಮಾಡಿದೆ. ಪ್ಯಾರಿಸ್‌ನಲ್ಲಿ 1852ರಿಂದ ನಡೆಯುತ್ತಿರುವ ಹರಾಜು ಕೇಂದ್ರ ಅದು. ಮೆಟ್ರೊ ಇಳಿದರೆ ನಾಲ್ಕು ಹೆಜ್ಜೆ. ಹರಾಜಿನ ಹಿಂದಿನ ದಿನ ಎಲ್ಲ ಸಾಮಾನನ್ನೂ ನೋಡಲು ಇಟ್ಟಿರುತ್ತಾರೆ. ಯಾರು ಬೇಕಾದರೂ ಹೋಗಬಹುದು, ಟಿಕೆಟ್ ಇಲ್ಲ. ಗಾಜಿನ ಕಪಾಟಿನಲ್ಲಿದ್ದರೂ ಕೇಳಿದರೆ ತೆಗೆದು ಕೈಗೆ ಕೊಡುತ್ತಾರೆ. ಕೇಳಬೇಕು, ಅಷ್ಟೇ.

ನಾನು ಮೊದಲು ನೋಡುವುದು ತಳ. ಮೂರ್ತಿಯನ್ನು ಮಲಗಿಸಿ, ತಿರುಪಿನ ಸುತ್ತ ಸವೆದ ಜಾಗ ಹುಡುಕುತ್ತೇನೆ. ಅಲ್ಲಿ ಹಳದಿ ಇಣುಕಿದರೆ ಕಂಚು ಅಥವಾ ಹಿತ್ತಾಳೆ, ಬೂದು ಇದ್ದರೆ ರೆಗ್ಯೂಲ್. ಆಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತೇನೆ. ದೇವಸ್ಥಾನದ ಗಂಟೆ, ಜಾಗಟೆ ಕೇಳಿ ಬೆಳೆದ ಕಿವಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಕಂಚಿನ ಕಂಠ ಅಂತ ಸುಮ್ನೆ ಹೇಳ್ತೀವಾ? ಕಂಚು ತಟ್ಟಿದ ಮೇಲೂ ಒಂದು ಗಳಿಗೆ ಹಾಡುತ್ತದೆ. ರೆಗ್ಯೂಲ್ ‘ಟಕ್’ ಎಂದು ಸುಮ್ಮನಾಗುತ್ತದೆ. ಅಮೃತಶಿಲೆಯ ಪೀಠಕ್ಕೆ ಬಿಗಿದಿದ್ದರೆ ಮಾತ್ರ ಕಂಚೂ ಮಂಕಾಗಿ ಕೇಳುತ್ತದೆ, ಆದ್ದರಿಂದ ಕಿವಿಯೊಂದನ್ನೇ ನಂಬುವುದಿಲ್ಲ.

ಅಳತೆ ಪಟ್ಟಿಯೂ ಜೇಬಿನಲ್ಲಿರುತ್ತದೆ. ಎರಕದ ಕಂಚು ತಣ್ಣಗಾಗುವಾಗ ಶೇ 2ರ ಆಸುಪಾಸು ಕುಗ್ಗುತ್ತದೆ. ಹಳೆಯ ಮೂರ್ತಿಯಿಂದಲೇ ಅಚ್ಚು ತೆಗೆದು ಇನ್ನೊಂದನ್ನು ಎರೆದರೆ ಅದು ಮೂಲಕ್ಕಿಂತ ಚಿಕ್ಕದಾಗುತ್ತದೆ. 40 ಸೆಂ.ಮೀ. ಎತ್ತರದ್ದು ಏಳೆಂಟು ಮಿ.ಮೀ. ಗಿಡ್ಡವಾಗಿದ್ದರೆ ನಾನು ಅಲ್ಲಿಂದ ಎದ್ದು ಬರುತ್ತೇನೆ. ಹರಾಜು ಮನೆಯ ಪಟ್ಟಿಯ ಮಾತುಗಳನ್ನೂ ತೂಗಿ ಓದಬೇಕು. ಯಾವ ಮಾತಿಗೆ ಎಷ್ಟು ಹೊಣೆ ಎಂದು ಫ್ರೆಂಚ್ ಸರ್ಕಾರದ 1981ರ ಒಂದು ಆದೇಶವೇ ಇದೆ. ಕಲಾವಿದನ ಹೆಸರು ನೇರವಾಗಿದ್ದರೆ ಅದು ಖಾತರಿ. ‘ಇಂಥವರ ಶೈಲಿಯಲ್ಲಿ’ ಎಂದಿದ್ದರೆ ಯಾವ ಖಾತರಿಯೂ ಇಲ್ಲ.

ಆನೆದಂತ ಸೇರಿದ್ದನ್ನು ಮುಟ್ಟುವುದೇ ಇಲ್ಲ. ಶಿಲ್ಪಿ ಕಿಪಾರುಸ್‌ನ ಕಂಚು-ಆನೆದಂತದ ನರ್ತಕಿಯರು ಎಷ್ಟೇ ಚೆಂದವಿರಲಿ.

ರೆಗ್ಯೂಲ್ ಕೀಳು ಅಂತ ನಾನು ಹೇಳುತ್ತಿಲ್ಲ. ಆ ಕಾಲದ ಶಿಲ್ಪಿ ಮಾಕ್ಸ್ ಲ ವೆರಿಯೆ ಆ ಲೋಹದಲ್ಲೇ ಅದ್ಭುತ ಕೆಲಸ ಮಾಡಿಸಿದ. ರೆಗ್ಯೂಲ್‌ಗೆ ರೆಗ್ಯೂಲ್ ಬೆಲೆ ಕೊಡಬೇಕು, ಅಲ್ವಾ? ಪುಸ್ತಕ ಒರಗಿಸುವ ಅವನ ಪೆಲಿಕನ್ ಜೋಡಿಯೊಂದು ಒಮ್ಮೆ ಕಣ್ಣಿಗೆ ಬಿತ್ತು. ಅವನ ಹೆಸರಿನ ಸಂಸ್ಥೆ ಈಗಲೂ ಹಳೆಯ ಮಾದರಿಗಳನ್ನು ತಯಾರಿಸುತ್ತದೆ, ಹಾಗಾಗಿ ಹಳೆಯದೋ ಹೊಸದೋ ಎಂದು ಅರ್ಧ ಗಂಟೆ ನೋಡಿದೆ. ಎರಡು ಹಕ್ಕಿಗಳ ತಲೆಯ ಮೇಲೂ ಹಸಿರು ಬಣ್ಣ ಸವೆದಿತ್ತು. ಪುಸ್ತಕ ತೆಗೆಯುವಾಗ ಕೈ ಹಿಡಿಯುವುದು ಅಲ್ಲೇ. ಕೊಕ್ಕಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಬೂದು ಲೋಹ ಕಾಣುತ್ತಿತ್ತು. ಹಳೆಯದೇ ಎಂದು ಮನಸ್ಸು ಒಪ್ಪಿತು.

ನನ್ನ ಕೈಯಲ್ಲಿದ್ದದ್ದು 260 ಯೂರೋ. ಕಮಿಷನ್ ಶೇ 30 ಎಂದು ಹಿಡಿದು, 200ಕ್ಕೆ ನಿಲ್ಲಬೇಕೆಂದು ಚೀಟಿಯಲ್ಲಿ ಬರೆದುಕೊಂಡೆ. ಮುಂದಿನ ಸಾಲಿನವರು 170ಕ್ಕೆ ಬಂದರು. ನಾನು 180 ಎಂದೆ. ‘ಅದ್ಜ್ಯುಜೆ!’ ಅಂದರೆ ಮಾರಾಟವಾಯಿತು. ಸುತ್ತಿಗೆ ಬಿತ್ತು.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಪೆಲಿಕನ್ ಜೋಡಿ ನೋಡಿ, “ಇಷ್ಟು ಕಿಲುಬು ಹಿಡಿದಿದೆಯಲ್ಲೋ, ಹುಣಸೆಹಣ್ಣು ಹಾಕಿ ತಿಕ್ಕಿಬಿಡ್ಲಾ?” ಎಂದರು. “ಬೇಡಮ್ಮ, ಆ ಬಣ್ಣವೂ ಶಿಲ್ಪಿಯ ಕೆಲಸವೇ” ಎಂದೆ. ತಿಕ್ಕಿದರೆ ಮತ್ತೆ ಬರುವುದಿಲ್ಲ. ಅಮ್ಮ ಕೊಕ್ಕಿನ ಮೇಲೆ ಬೆರಳಾಡಿಸಿ ನೋಡಿದರು. ಆಮೇಲೆ ಒಣ ಬಟ್ಟೆ ಕೇಳಿ, ಧೂಳನ್ನಷ್ಟೇ ಒರೆಸಿಟ್ಟರು.