ಪುಟ್ಟ ಸಬ್‌ಮರೀನಿಗೆ ಗಾಳಿ ಸಿಲಿಂಡರ್ ಹೊರಗಿರಲಿ

ಒಬ್ಬಿಬ್ಬರು ಕೂರುವ ಸಬ್‌ಮರೀನ್ ಕಟ್ಟುತ್ತಿರುವವರಿಗೆ ಒಂದು ಮಾತು. ಜಾಗ ಇದೆ ಅಂತ ಗಾಳಿ ಸಿಲಿಂಡರನ್ನು ಕ್ಯಾಬಿನ್ ಒಳಗೆ ಇಡಬೇಡಿ.

ಲೆಕ್ಕ ನೋಡಿ. 11 ಲೀಟರಿನ ಸ್ಕೂಬಾ ಸಿಲಿಂಡರಿನಲ್ಲಿ 200 ಬಾರ್ (ಅಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು) ತುಂಬಿದರೆ ಸುಮಾರು 2200 ಲೀಟರ್ ಗಾಳಿ ಇರುತ್ತದೆ. ಕ್ಯಾಬಿನ್ 2000 ಲೀಟರಿನದಾಗಿದ್ದು, ವಾಲ್ವ್ ಸೋರಿ ಅಷ್ಟೂ ಹೊರಬಂದರೆ ಒಳಗಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಕಿವಿನೋವು ಒಂದು ಕಡೆ. ಮೇಲೆ ಬಂದು ಮುಚ್ಚಳದ ಚಿಲಕ ತೆಗೆದ ಕೂಡಲೇ ಅದು ಸಿಡಿದೇಳುತ್ತದೆ, ತಲೆ ಅಲ್ಲೇ ಇರುತ್ತದೆ ಅಲ್ವಾ? ಅದಕ್ಕೇ ಒಳಗೊಂದು ಬ್ಯಾರೋಮೀಟರ್ ಬೇಕೇ ಬೇಕು. ಮುಳ್ಳು ಏರಿದ್ದರೆ ಮೊದಲು ಗಾಳಿಯನ್ನು ನಿಧಾನವಾಗಿ ಹೊರಬಿಡಿ.

ಬ್ಯಾಲಾಸ್ಟ್ ಗಾಳಿ (ಮೇಲೇರಲು ಟ್ಯಾಂಕಿನ ನೀರನ್ನು ಹೊರತಳ್ಳುವ ಗಾಳಿ) ಬೇರೆ, ಉಸಿರಾಟದ ಗಾಳಿ ಬೇರೆ ಇಡಿ. 30 ಮೀಟರ್ ಆಳದಲ್ಲಿ ಅದೇ 2200 ಲೀಟರ್ ಕುಗ್ಗಿ ಸುಮಾರು 550 ಲೀಟರಿನಷ್ಟು ನೀರನ್ನು ಮಾತ್ರ ತಳ್ಳುತ್ತದೆ.

ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ಸಿಲಿಂಡರ್ ಕೊಳ್ಳುವಾಗ ಜಾಸ್ತಿ ಎಚ್ಚರ ಇರಲಿ. 6351 ಮಿಶ್ರಲೋಹದ ಹಳೆಯವುಗಳಲ್ಲಿ ಕುತ್ತಿಗೆ ಬಿರುಕು ಬಿಡಬಹುದು. ದಯವಿಟ್ಟು ಅವನ್ನು ಮುಟ್ಟಲೇಬೇಡಿ. ಉಪ್ಪುನೀರಿನಿಂದ ಬಂದ ಮೇಲೆ ಸಿಲಿಂಡರನ್ನು ಹಿಡಿದಿರುವ ಪಟ್ಟಿ ಬಿಚ್ಚಿ, ಅದರ ಅಡಿಯನ್ನೂ ಸಿಹಿನೀರಿನಲ್ಲಿ ತೊಳೆಯಿರಿ. ತುಕ್ಕು ಶುರುವಾಗುವುದು ಅಲ್ಲೇ.