ನನ್ನ ಅನುಭವ: ಬೀದರ್ ಥಂಡಿಗೆ ಬಿಸಿ ಗ್ರಿಪ್, ಎರಡೂ ಕಡೆ ಬಲಗೈ ಗ್ರಿಪ್ಪೇ ಹಾಕಿ

ಬೀದರ್‌ನಲ್ಲಿ ಗಾಡಿಗೆ ಬಿಸಿ ಗ್ರಿಪ್, ಅಂದರೆ ಬ್ಯಾಟರಿ ಕರೆಂಟಿನಿಂದ ಬಿಸಿಯಾಗುವ ಹ್ಯಾಂಡಲ್ ಹಿಡಿ, ಅಂದರೆ ಮಂದಿ ನಗುತ್ತಾರೆ. "ಲಡಾಖಕ್ಕ ಹೊಂಟೀರೇನ್ರೀ?" ಅನ್ನೋದು ಮೊದಲ ಪ್ರಶ್ನೆ. ಜನವರಿಯಲ್ಲಿ ನಸುಕಿಗೇ ಹುಮನಾಬಾದ್ ಕಡೆ ಗಾಡಿ ಬಿಟ್ಟವರು ಮಾತ್ರ ನಗಲ್ಲ. ಥಂಡಿ 10 ಡಿಗ್ರಿ ಇದ್ದರೆ 60ರ ವೇಗದಲ್ಲಿ ಬರಿಗೈಗೆ ಅದು 5 ಡಿಗ್ರಿಯಂತೆ ಕೊರೆಯುತ್ತದೆ. ನಮ್ಮಲ್ಲಿ ಪಾರಾ 10ರ ಕೆಳಗೂ ಇಳಿಯುತ್ತದೆ.

ಮಿಸ್ತ್ರಿಗಳ ತಕರಾರು ಮೂರು: ಬ್ಯಾಟರಿ ಇಳೀತದ, ಆಕ್ಸಿಲರೇಟರ್ ಕಡೆ ವೈರ್ ಕಡೀತದ, ಗ್ರಿಪ್ ತಿರುಗ್ತದ. ನನ್ನ 150 ಸಿಸಿ ಗಾಡಿಯಲ್ಲಿ ಇಡೀ ಥಂಡಿಕಾಲ ಕಳೆದರೂ ಮೂರರಲ್ಲಿ ಒಂದೂ ಆಗಿಲ್ಲ. ಅದಕ್ಕೇ ಈಗ ಬರೆಯುತ್ತಿರುವುದು.

ಸಿಗುವುದು ಮೂರು ನಮೂನೆ. ಆಕ್ಸ್‌ಫರ್ಡ್, ಕೋಸೋ ಕಂಪನಿಗಳ ತರದ್ದು ಒಳಗೇ ತಂತಿ ಇರುವ ಪೂರ್ತಿ ಗ್ರಿಪ್. ಎರಡನೆಯದು ಗ್ರಿಪ್ ಮೇಲೆ ಸುತ್ತಿ ಕಟ್ಟುವ ಪಟ್ಟಿ. ಮೂರನೆಯದು ನಮ್ಮದೇ ಗ್ರಿಪ್ ಕೆಳಗೆ ಅಂಟಿಸುವ ತೆಳು ಪ್ಯಾಡ್. ಸುತ್ತುವ ಪಟ್ಟಿಯನ್ನು ಮುಟ್ಟಲೇಬೇಡಿ. ಮಂಜಿಗೆ ಒದ್ದೆಯಾದರೆ ಬಲಗಡೆ ಜಾರುತ್ತದೆ, ಆಕ್ಸಿಲರೇಟರ್ ಕೈಯಲ್ಲೇ ಉಳಿಯುವುದಿಲ್ಲ. ಪೂರ್ತಿ ಗ್ರಿಪ್ ಚಲೋ ಮಾಲು, ಖರೇ. ಬ್ಯಾಟರಿ ಇಳಿದರೆ ತಾನೇ ಬಂದ್ ಆಗುವ ಕಂಟ್ರೋಲರ್ ಬರುತ್ತದೆ. ಆದರೆ ರೊಕ್ಕ ಎಂಟು–ಹತ್ತು ಸಾವಿರದ ಹತ್ತಿರ ಹೋಗುತ್ತದೆ, ಮೇಲಾಗಿ ದಪ್ಪ.

ಈ ದಪ್ಪವನ್ನೇ ಕೊಳ್ಳುವವರು ನೋಡುವುದಿಲ್ಲ, ವ್ಯಾಟ್ ನೋಡುತ್ತಾರೆ. ಗಾಡಿಯ ಸಾದಾ ಗ್ರಿಪ್ ಸುಮಾರು 31–32 ಮಿ.ಮೀ. ದಪ್ಪ ಇರುತ್ತದೆ. ಬಿಸಿ ಗ್ರಿಪ್ 35 ದಾಟಿತೆಂದರೆ ಸಣ್ಣ ಕೈಯವರಿಗೆ ಕಲಬುರಗಿ ಮುಟ್ಟುವಷ್ಟರಲ್ಲಿ ಹೆಬ್ಬೆರಳಿನ ಬುಡ ನೋಯುತ್ತದೆ. ಕ್ಲಚ್ ಲಿವರ್ ಕೂಡ ಬೇಗ ಗ್ರಿಪ್ಪಿಗೆ ತಾಗಿ ನಿಲ್ಲುತ್ತದೆ. ಕೇಬಲ್ ಸಡಿಲ ಇದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ನ್ಯೂಟ್ರಲ್ ಸಿಗುವುದಿಲ್ಲ. ಗ್ರಿಪ್ಪನ್ನು ಬೈದು ಉಪಯೋಗವಿಲ್ಲ, ಕೇಬಲ್ ಬಿಗಿ ಮಾಡಬೇಕು. ಇದೆಲ್ಲ ಬೇಡ ಅಂತಲೇ ನಾನು ಆರಿಸಿದ್ದು ಪ್ಯಾಡ್. ದಪ್ಪ ಅರ್ಧ ಮಿ.ಮೀ.ಗಿಂತ ಹೆಚ್ಚು ಏರುವುದಿಲ್ಲ, ಮೇಲೆ ಕೈಗೆ ಒಗ್ಗಿದ ಮೆತ್ತನೆ ರಬ್ಬರ್ ಗ್ರಿಪ್ಪೇ ಇರುತ್ತದೆ.

ಪ್ಯಾಡಿನ ದೊಡ್ಡ ದೂರು ಒಂದೇ: ಬಲಗೈ ಸುಡುತ್ತದೆ, ಎಡಗೈ ತಣ್ಣಗಿರುತ್ತದೆ. ಬಲಗಡೆ ಪ್ಯಾಡ್ ಕೂರುವುದು ಆಕ್ಸಿಲರೇಟರಿನ ಪ್ಲಾಸ್ಟಿಕ್ ನಳಿಕೆಯ ಮೇಲೆ, ಎಡಗಡೆ ನೇರ ಕಬ್ಬಿಣದ ಹ್ಯಾಂಡಲ್ ಮೇಲೆ. ಕಬ್ಬಿಣ ಬಿಸಿಯನ್ನೆಲ್ಲ ಎಳೆದುಕೊಂಡು ಗಾಳಿಗೆ ಬಿಡುತ್ತದೆ. ಅಡುಗೆ ಥರ್ಮಾಮೀಟರ್ ಹಿಡಿದು ನೋಡಿದರೆ ಬಲಗಡೆ 45ರ ಆಸುಪಾಸು, ಎಡಗಡೆ ಅದಕ್ಕಿಂತ ಹತ್ತು ಡಿಗ್ರಿ ಕಡಿಮೆ. ಎಡಕ್ಕೆ ಹೆಚ್ಚು ವ್ಯಾಟಿನ ಪ್ಯಾಡ್ ಹಾಕುವವರಿದ್ದಾರೆ, ಬ್ಯಾಟರಿಗೆ ಅದು ದಂಡ. ನನ್ನ ದಾರಿ ಬೇರೆ. ಎಡ ಹ್ಯಾಂಡಲ್ 22 ಮಿ.ಮೀ., ಬಲಗಡೆಯ ನಳಿಕೆ 25ರ ಹತ್ತಿರ. ಎಡಗಡೆ ಗ್ರಿಪ್ ಕೂರುವಷ್ಟು ಉದ್ದಕ್ಕೆ ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ನಳಿಕೆಯನ್ನು ಎರಡು ಪದರ ಏರಿಸಿ, 25ರ ಹತ್ತಿರ ಬರದಿದ್ದರೆ ಮೂರನೆಯದನ್ನೂ ಏರಿಸಿ. ಕಬ್ಬಿಣಕ್ಕೂ ಪ್ಯಾಡಿಗೂ ನಡುವೆ ತಡೆ ಬಂತು, ಅಳತೆಯೂ ಎರಡೂ ಕಡೆ ಒಂದೇ ಆಯಿತು. ಇನ್ನು ಅಂಗಡಿಯಲ್ಲಿ ಜೋಡಿ ಕೇಳಬೇಡಿ, ಬಲಗಡೆಯ ಗ್ರಿಪ್ಪೇ ಎರಡು ಕೇಳಿ. ಅಂಗಡಿಯವನು ವಿಚಿತ್ರವಾಗಿ ನೋಡುತ್ತಾನೆ, ನೋಡಲಿ. ಈಗ ಎರಡು ಕೈಗೂ ಬಿಸಿಯಲ್ಲಿ ವ್ಯತ್ಯಾಸ ತಿಳಿಯುವುದೇ ಇಲ್ಲ.

ಬಲ ನಳಿಕೆಯ ಮೇಲಿನ ಗೆರೆಗಳನ್ನು ಅರದಿಂದ ಉಜ್ಜಿ ಸಾಪಾಟ ಮಾಡಿ. ಗೆರೆ ಉಳಿದರೆ ಪ್ಯಾಡಿನೊಳಗಿನ ತಂತಿ ಅಲ್ಲೇ ಮುರಿಯುತ್ತದೆ. ಪ್ಯಾಡಿನ ತುದಿ ಒಂದರ ಮೇಲೊಂದು ಕೂರಬಾರದು, ಕೂತ ಕಡೆ ಬಿಸಿ ದುಪ್ಪಟ್ಟಾಗಿ ರಬ್ಬರ್ ಬೇಯುತ್ತದೆ. 25 ಮಿ.ಮೀ. ನಳಿಕೆಯ ಸುತ್ತಳತೆ ಹತ್ತಿರಹತ್ತಿರ 78 ಮಿ.ಮೀ., ಪ್ಯಾಡ್ ಅಗಲ 65–70. ಉಳಿಯುವ ಸಂದನ್ನು ಅಂಗೈಯ ಬುಡ ಒತ್ತುವ ಕಡೆ ಬಿಡಿ. ಬಿಸಿ ಬೇಕಾಗಿರುವುದು ಬೆರಳಿಗೆ.

ಗ್ರಿಪ್ ಏರಿಸಲು ಪೆಟ್ರೋಲ್ ಸವರಬೇಡಿ, ರಬ್ಬರ್ ಉಬ್ಬುತ್ತದೆ, ಪ್ಯಾಡಿನ ಅಂಟೂ ಬಿಡುತ್ತದೆ. ಸೋಪಿನ ನೀರು ಒಳಗೇ ಉಳಿಯುತ್ತದೆ. ಪಂಚರ್ ಅಂಗಡಿಯ ಹವಾ ಪೈಪಿನ ಮೂತಿಯನ್ನು ಗ್ರಿಪ್ ಅಂಚಿಗೆ ಹಿಡಿದು ಬಿಟ್ಟರೆ ರಬ್ಬರ್ ಉಬ್ಬಿ ತಾನಾಗಿ ಜಾರಿ ಕೂರುತ್ತದೆ. ಫೆವಿಕ್ವಿಕ್ ನಡುದಾರಿಯಲ್ಲೇ ಹಿಡಿದುಬಿಡುತ್ತದೆ. ಎರಡು ಟ್ಯೂಬ್ ಕಲಸುವ ನಿಧಾನದ ಅಂಟು ಬೇಕು. ನಾನು ಅದಕ್ಕೆ ಏನು ಬೆರೆಸುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಬಲಗಡೆಯ ವೈರ್ ಕಡಿಯುವುದು ಬೆಸುಗೆ ಹಾಕಿದ ಜಾಗದಲ್ಲಿ. ಬೆಸುಗೆಯ ಅಂಚಿನಲ್ಲಿ ವೈರ್ ಬಾಗದೆ ಕಡ್ಡಿಯಾಗುತ್ತದೆ, ದಿನಾ ತಿರುಗಿಸಿದರೆ ಅಲ್ಲೇ ತುಂಡು. ಮೆತ್ತಗೆ ಬಾಗುವ ಸಿಲಿಕೋನ್ ವೈರ್ ಹಾಕಿ, ಜೋಡಣೆಯನ್ನು ಬೆಸುಗೆಯಿಲ್ಲದೆ ಒತ್ತಿ ಕ್ರಿಂಪ್ ಮಾಡಿ ಹೆಡ್‌ಲೈಟ್ ಒಳಗೆ ಇಡಿ. ಗ್ರಿಪ್ಪಿನಿಂದ ಹೊರಟ ವೈರಿಗೆ ಒಂದು ಸಡಿಲ ಸುತ್ತು ಕೊಟ್ಟು ಒಂದು ಗೇಣು ದೂರದಲ್ಲಿ ಮಾತ್ರ ಕಟ್ಟಿ. ಆಮೇಲೆ ಹ್ಯಾಂಡಲ್ಲನ್ನು ಎಡತುದಿಗೆ, ಬಲತುದಿಗೆ ತಿರುಗಿಸಿ, ಎರಡೂ ಕಡೆ ಆಕ್ಸಿಲರೇಟರ್ ಪೂರ್ತಿ ತೆರೆದು ಬಿಡಿ. ಟಪ್ ಅಂತ ವಾಪಸ್ ಬರಬೇಕು. ಕೂದಲೆಳೆಯಷ್ಟು ತಡೆದರೂ ಗಾಡಿ ರೋಡಿಗೆ ಇಳಿಸಬೇಡಿ.

ಕರೆಂಟಿನ ಲೆಕ್ಕವನ್ನು 12 ವೋಲ್ಟಿಗೆ ಹಾಕಿದರೆ ತಪ್ಪುತ್ತದೆ. 8 ಓಮ್‌ನ ಪ್ಯಾಡ್ 12 ವೋಲ್ಟಿಗೆ 18 ವ್ಯಾಟ್, ಗಾಡಿ ಓಡುವಾಗಿನ 14 ವೋಲ್ಟಿಗೆ 24ರ ಮೇಲೆ. ಎರಡೂ ಸೇರಿ ಮೂರೂವರೆ ಆಂಪಿಯರ್. ಒಂದೇ ಪ್ಯಾಕೆಟ್ಟಿನ ಪ್ಯಾಡುಗಳೂ ಬೇರೆಬೇರೆ ಓಮ್ ಇರುತ್ತವೆ, ಅಂಗಡಿಗೆ ಮಲ್ಟಿಮೀಟರ್ ಒಯ್ದು ಅಳೆದೇ ತನ್ನಿ. 5 ಆಂಪಿಯರ್ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ಅಲ್ಲಿಂದ ರಿಲೇಯ (ಸಣ್ಣ ಕರೆಂಟಿನಿಂದ ಚಾಲೂ ಆಗುವ ಸ್ವಿಚ್) 30 ನಂಬರಿನ ಕಾಲಿಗೆ, 87 ನಂಬರಿನ ಕಾಲಿನಿಂದ ಕೈಸ್ವಿಚ್ಚಿಗೆ. ರಿಲೇ ಎಳೆಯಲು ಹಿಂದಿನ ಲೈಟಿನ ವೈರ್ ಸಾಕು, ಚಾವಿ ತೆಗೆದರೆ ಗ್ರಿಪ್ಪೂ ಬಂದ್.

ಐದು ಹಂತದ ಅಗ್ಗದ ಕಂಟ್ರೋಲರ್ ಒಂದು ಮಳೆಗೇ ಒಳಗೆ ನೀರು ಕುಡಿಯುತ್ತದೆ. ಅದರ ಬದಲು ಆರು ಕಾಲಿನ, ನಡುವೆ ಬಂದ್ ಆಗುವ ಟಾಗಲ್ ಸ್ವಿಚ್ ಹಾಕಿ, ರಬ್ಬರ್ ಟೊಪ್ಪಿಗೆ ಸಮೇತ. ಮೊದಲ ಪ್ಯಾಡಿನ ಒಂದು ತುದಿ ಸದಾ ಪ್ಲಸ್ಸಿಗೆ, ಎರಡನೆಯದರ ಒಂದು ತುದಿ ಸದಾ ಮೈನಸ್ಸಿಗೆ. ಉಳಿದೆರಡು ತುದಿ ಸ್ವಿಚ್ಚಿನ ನಡು ಕಾಲುಗಳಿಗೆ. ಮೇಲಿನ ಕಾಲುಗಳಲ್ಲಿ ಮೊದಲ ಪ್ಯಾಡಿನ ಸಾಲಿನದಕ್ಕೆ ಮೈನಸ್, ಎರಡನೆಯದಕ್ಕೆ ಪ್ಲಸ್. ಕೆಳಗಿನ ಎರಡು ಕಾಲುಗಳನ್ನು ಒಂದಕ್ಕೊಂದು ಸೇರಿಸಿ. ಒಂದು ಕಡೆ ಒತ್ತಿದರೆ ಪ್ಯಾರಲಲ್, ಅಂದರೆ ಎರಡಕ್ಕೂ ಪೂರ್ತಿ ವೋಲ್ಟ್, 49 ವ್ಯಾಟ್. ಇನ್ನೊಂದು ಕಡೆ ಸೀರೀಸ್, ಅಂದರೆ ಒಂದರ ಹಿಂದೊಂದು, 12 ವ್ಯಾಟ್. ರೆಸಿಸ್ಟರಿನಲ್ಲಿ ಸುಟ್ಟು ಹಾಳುಮಾಡುವುದು ಏನೂ ಇಲ್ಲ. ಹೊರಡುವಾಗ ಹತ್ತು ನಿಮಿಷ ಜೋರು, ಆಮೇಲೆ ಸಣ್ಣದು. 49 ವ್ಯಾಟಿನಲ್ಲೇ ಗಂಟೆಗಟ್ಟಲೆ ಓಡಿಸಿದರೆ ಬರಿಗೈಗೆ ತಡೆಯುವುದಿಲ್ಲ.

ಖರ್ಚು ನೆನಪಿನ ಮೇಲೆ: ಪ್ಯಾಡ್ ಜೋಡಿ ಆರೇಳು ನೂರು, ಗ್ರಿಪ್ ಮುನ್ನೂರರ ಒಳಗೆ, ರಿಲೇ, ಫ್ಯೂಸ್, ಸ್ವಿಚ್, ವೈರ್ ಎಲ್ಲ ಸೇರಿ ನಾನೂರರ ಮೇಲೆ. ಒಟ್ಟು ಒಂದೂವರೆ ಸಾವಿರ ಹಿಡಿಯಿರಿ. ಇಸ್ತ್ರಿಪೆಟ್ಟಿಗೆಯ ನೈಕ್ರೋಮ್ ತಂತಿ ಸುತ್ತಿದರೆ ಐವತ್ತು ರೂಪಾಯಿಯಲ್ಲಿ ಆಗುತ್ತದಲ್ಲ ಅನ್ನುವವರಿಗೆ: ಅದನ್ನೂ ನೋಡಿಯಾಗಿದೆ. ಸುತ್ತು ಹತ್ತಿರ ಬಂದ ಕಡೆ ಪ್ಲಾಸ್ಟಿಕ್ ನಳಿಕೆ ಕರಗಿ ಆಕ್ಸಿಲರೇಟರ್ ಸಿಕ್ಕಿಕೊಳ್ಳುತ್ತದೆ.

ಇಷ್ಟಾದರೂ ಬೆರಳಿನ ಬೆನ್ನಿಗೆ ಗಾಳಿ ಹೊಡೆದರೆ ಬಿಸಿ ನಿಲ್ಲುವುದಿಲ್ಲ. ಎಣ್ಣೆ ಕ್ಯಾನ್ ಕತ್ತರಿಸಿ ಮಾಡಿದ ಮರೆ ಊರೊಳಗೆ ನಡೆಯುತ್ತದೆ, 70ರ ವೇಗಕ್ಕೆ ಪಟಪಟ ಬಡಿದು ಕ್ಲಚ್ ಲಿವರಿಗೆ ಒತ್ತುತ್ತದೆ. 3 ಮಿ.ಮೀ. ಅಲ್ಯೂಮಿನಿಯಂ ಪಟ್ಟಿಯನ್ನು ಹ್ಯಾಂಡಲ್ ತುದಿಯ ಬೋಲ್ಟಿಗೆ ಬಿಗಿದು, ಅದರ ಮೇಲೆ ಅದೇ ಕ್ಯಾನ್ ತುಂಡು ರಿವೆಟ್ ಮಾಡಿದರೆ ಅಲುಗುವುದಿಲ್ಲ. ಕಾರಂಜಾ ಜಲಾಶಯದ ಕಡೆಯ ಮಂಜಿನಲ್ಲಿ ಸಣ್ಣ ಬಿಸಿಯ 12 ವ್ಯಾಟೇ ಸಾಕಾಗಿದ್ದು ಈ ಮರೆಯಿಂದ. ಗ್ಲೌಸ್ ದಪ್ಪ ಬೇಡ, ಹತ್ತಿ ತುಂಬಿದ ಅಂಗೈ ಬಿಸಿಯನ್ನೇ ತಡೆಯುತ್ತದೆ. ಗೌಂಡಿ ಕೆಲಸಕ್ಕೆ ಹಾಕುವ, ಅಂಗೈಗೆ ತೆಳು ರಬ್ಬರ್ ಬಳಿದ ಗ್ಲೌಸ್ ಇದೆಯಲ್ಲ, ಮರೆ ಇದ್ದರೆ ಅದಕ್ಕಿಂತ ಚಲೋದು ಇಲ್ಲ.

ಹಾಲು, ಪೇಪರ್ ಹಾಕುವವರು ಕೇಳುವುದು ಹಳೆಯ ಸ್ಪ್ಲೆಂಡರ್ ತರದ ಗಾಡಿಗೆ. ಅದರ ಬ್ಯಾಟರಿ ಸಣ್ಣದು, 3 ಆಂಪಿಯರ್-ಅವರ್ ಆಸುಪಾಸು. ಹೆಡ್‌ಲೈಟ್ ಎಂಜಿನ್ನಿನೊಳಗೆ ಕರೆಂಟ್ ಹುಟ್ಟಿಸುವ ಕಾಯಿಲಿನಿಂದ ನೇರ ಎಸಿಯಲ್ಲಿ ಉರಿಯುತ್ತದೆ, ಬ್ಯಾಟರಿಯಿಂದಲ್ಲ. ಹಾಗಾಗಿ ಎಲ್‌ಇಡಿ ಬಲ್ಬ್ ಹಾಕಿ ಉಳಿಸಿದ್ದು ಬ್ಯಾಟರಿಗೆ ಬರುವುದಿಲ್ಲ. ಕಾಯಿಲಿನ ಅರ್ಥಿಂಗ್ ಬಿಡಿಸಿ, ಅದರ ಕರೆಂಟನ್ನೆಲ್ಲ ಬ್ಯಾಟರಿ ಕಡೆ ತಿರುಗಿಸುವ ಫುಲ್ ವೇವ್ ರೆಗ್ಯುಲೇಟರ್ ಹಾಕಿಸಿದ ಮೇಲೂ ಸೀರೀಸ್ 12 ವ್ಯಾಟ್ ಮಾತ್ರ ಕೊಡಿ, ಪ್ಯಾರಲಲ್ ಕಾಲುಗಳನ್ನು ಖಾಲಿ ಬಿಡಿ. ಯಾವ ಗಾಡಿಯೇ ಇರಲಿ, ಗ್ರಿಪ್ ಚಾಲೂ ಇಟ್ಟು ಓಡುವ ವೇಗಕ್ಕೆ ಎಂಜಿನ್ ಏರಿಸಿ ಬ್ಯಾಟರಿಯ ಮೇಲೆ ಮೀಟರ್ ಹಿಡಿಯಿರಿ. 13.5 ವೋಲ್ಟಿನ ಮೇಲಿದ್ದರೆ ನಿಶ್ಚಿಂತೆ. 13ರ ಕೆಳಗೆ ಬಂದರೆ ಬ್ಯಾಟರಿ ಖಾಲಿಯಾಗುತ್ತಿದೆ ಅಂತಲೇ ಲೆಕ್ಕ, ಸಣ್ಣ ಬಿಸಿಗೆ ಇಳಿಸಿ. ಮಾರ್ಚ್ ಬಂದ ಮೇಲೆ ಫ್ಯೂಸ್ ಕಿತ್ತು ಟೂಲ್ ಬಾಕ್ಸಿಗೆ ಹಾಕಿ. ಇಲ್ಲದಿದ್ದರೆ ಗಾಡಿ ನಿಂತಲ್ಲಿ ಹುಡುಗರು ಸ್ವಿಚ್ ಒತ್ತಿಟ್ಟಿರುತ್ತಾರೆ, ಚಾವಿ ಹಾಕಿದ ಮೇಲೆ 40ರ ಬಿಸಿಲಲ್ಲಿ ಬಿಸಿ ಗ್ರಿಪ್ ಹಿಡಿಯಬೇಕಾಗುತ್ತದೆ.