ಬ್ರಿಟನ್‌ನಲ್ಲಿ ಮಕ್ಕಳ ಐಸಿಯು ತಜ್ಞರಾಗುವುದು ಹೇಗೆ?

ಇಂಗ್ಲೆಂಡಿನ ದೊಡ್ಡ ಆಸ್ಪತ್ರೆಯೊಂದರ ಪಿಐಸಿಯುನಲ್ಲಿ, ಅಂದರೆ ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಕೆಲಸ ಸಿಕ್ಕಿತು ಅಂದ ಮಾತ್ರಕ್ಕೆ ತರಬೇತಿ ಸಿಕ್ಕಿತು ಅಂತಲ್ಲ. ಇಲ್ಲಿಗೆ ಬರುವ ನಮ್ಮ ಡಾಕ್ಟರುಗಳಿಗೆ ಈ ವ್ಯತ್ಯಾಸ ಗೊತ್ತಾಗುವುದೇ ತಡವಾಗಿ. ಕ್ಲಿನಿಕಲ್ ಫೆಲೋ ಹುದ್ದೆಗೂ ಟ್ರೇನಿ ಹುದ್ದೆಗೂ ಡ್ಯೂಟಿ ಒಂದೇ, ನೈಟ್ ಶಿಫ್ಟೂ ಒಂದೇ. ಆದರೆ ಟ್ರೇನಿಯ ವರ್ಷಗಳು ತಜ್ಞರಾಗುವ ಲೆಕ್ಕಕ್ಕೆ ಬರುತ್ತವೆ, ಫೆಲೋನ ವರ್ಷಗಳು ತಾವಾಗಿ ಬರುವುದಿಲ್ಲ.

ನಮ್ಮಲ್ಲಿ ಎಂಡಿ ಮುಗಿಸಿ ನೀಟ್ ಎಸ್‌ಎಸ್ ಬರೆದು ಡಿಎಂ ಅಥವಾ ಡಿಆರ್‌ಎನ್‌ಬಿ ಅನ್ನುವ ಸೂಪರ್ ಸ್ಪೆಷಾಲಿಟಿ ಕೋರ್ಸಿಗೆ ಸೇರುತ್ತೇವೆ. ಬ್ರಿಟನ್‌ನಲ್ಲಿ ಹಾಗೆ ಬೇರೆ ಕೋರ್ಸ್ ಇಲ್ಲ. ಮಕ್ಕಳ ಐಸಿಯು ಅನ್ನುವುದು ಪೀಡಿಯಾಟ್ರಿಕ್ಸ್ (ಮಕ್ಕಳ ವೈದ್ಯಕೀಯ) ತರಬೇತಿಯ ಒಳಗಿನ ಉಪಶಾಖೆ. ಆ ತರಬೇತಿಯನ್ನು ರಾಯಲ್ ಕಾಲೇಜ್ ಆಫ್ ಪೀಡಿಯಾಟ್ರಿಕ್ಸ್ ಅಂಡ್ ಚೈಲ್ಡ್ ಹೆಲ್ತ್ 2023ರ ಆಗಸ್ಟಿನಿಂದ ಬದಲಿಸಿದೆ. ತರಬೇತಿಯ ಹಂತಗಳಿಗೆ ಎಸ್‌ಟಿ ಅನ್ನುತ್ತಾರೆ. ಈಗ ಎಸ್‌ಟಿ1ರಿಂದ ಎಸ್‌ಟಿ4ರವರೆಗೆ ಎಲ್ಲರಿಗೂ ಒಂದೇ ಬುನಾದಿ, ಎಸ್‌ಟಿ5ರಿಂದ ಎಸ್‌ಟಿ7ರವರೆಗೆ ವಿಶೇಷ ಶಾಖೆ. ಮೊದಲು ಎಂಟು ವರ್ಷ ಇದ್ದದ್ದು ಈಗ ಸುಮಾರು ಏಳು. ಉಪಶಾಖೆಗೆ ಇಡೀ ದೇಶಕ್ಕೆ ಒಂದೇ ಆಯ್ಕೆ ನಡೆಯುತ್ತದೆ. ಹಳಬರು ಇದನ್ನು ಈಗಲೂ 'ಗ್ರಿಡ್' ಅನ್ನುತ್ತಾರೆ. ಅರಿವಳಿಕೆ ವಿಭಾಗದವರೂ ದೊಡ್ಡವರ ಐಸಿಯುನವರೂ ಬೇರೆ ಬಾಗಿಲಿನಿಂದ ಇದೇ ಶಾಖೆಗೆ ಬರಬಹುದು.

ಪೀಡಿಯಾಟ್ರಿಕ್ಸ್ ಕಡೆಯಿಂದ ಬರುವವರಿಗೆ ಎಂಆರ್‌ಸಿಪಿಸಿಎಚ್, ಅಂದರೆ ಆ ರಾಯಲ್ ಕಾಲೇಜಿನ ಸದಸ್ಯತ್ವ ಪರೀಕ್ಷೆ, ಇಲ್ಲದೆ ಈ ಉಪಶಾಖೆ ಇಲ್ಲ. ಮೂರು ಲಿಖಿತ ಪರೀಕ್ಷೆ, ಒಂದು ಕ್ಲಿನಿಕಲ್. ಭಾರತದಲ್ಲೇ ಬರೆಯಬಹುದು. ಪೂರ್ತಿ ಪಾಸಾದರೆ ಜಿಎಂಸಿ (ಬ್ರಿಟನ್‌ನ ವೈದ್ಯಕೀಯ ಮಂಡಳಿ) ನೋಂದಣಿಗೆ ಹೊರದೇಶದ ಡಾಕ್ಟರುಗಳು ಬರೆಯುವ ಪ್ಲ್ಯಾಬ್ ಪರೀಕ್ಷೆ ಬೇಕಿಲ್ಲ. ಹಾಗಾಗಿ ವಿಮಾನ ಹತ್ತುವ ಮೊದಲೇ ಮುಗಿಸಿಕೊಂಡರೆ ಜಾಸ್ತಿ ಲಾಭ.

ಕಲಿಕೆ ನಡೆಯುವುದು ಬೆಡ್ ಪಕ್ಕದಲ್ಲಿ. ಅದರಲ್ಲೂ ನನಗೆ ಬಹಳ ಇಷ್ಟವಾಗುವುದು ರಿಟ್ರೀವಲ್ ಕೆಲಸ. ಇಲ್ಲಿ ಪಿಐಸಿಯುಗಳು ಕೆಲವೇ ದೊಡ್ಡ ಊರುಗಳಲ್ಲಿವೆ. ಹಾಗಾಗಿ ಸಣ್ಣ ಆಸ್ಪತ್ರೆಯ ಮಗುವನ್ನು ಕರೆತರಲು ಐಸಿಯು ತಂಡವೇ ಆಂಬುಲೆನ್ಸ್ ಹತ್ತುತ್ತದೆ. ಈ ತಂಡಗಳಿಗೆ ಹೆಸರೂ ಇದೆ: ಲಂಡನ್ನಿನಲ್ಲಿ ಕ್ಯಾಟ್ಸ್, ಬರ್ಮಿಂಗ್‌ಹ್ಯಾಮ್ ಕಡೆ ಕಿಡ್ಸ್, ಯಾರ್ಕ್‌ಶೈರ್‌ನಲ್ಲಿ ಎಂಬ್ರೇಸ್. ಫೋನ್ ಬಂದ ಕೂಡಲೇ ಲೆಕ್ಕ ಶುರು. ನಾಲ್ಕು ವರ್ಷದ ಮಗು ಅನ್ನಿ. ಹಳೆಯ ಸೂತ್ರದಂತೆ ವಯಸ್ಸಿಗೆ ನಾಲ್ಕು ಕೂಡಿಸಿ ಎರಡರಿಂದ ಗುಣಿಸಿದರೆ ತೂಕ 16 ಕೆಜಿ. ಹೃದಯಕ್ಕೆ ಶಾಕ್ ಕೊಡಬೇಕಾದರೆ ಕೆಜಿಗೆ 4ರಂತೆ 64 ಜೌಲ್, ಫ್ಲೂಯಿಡ್ ಕೆಜಿಗೆ 10 ಎಂಎಲ್‌ನಂತೆ 160 ಎಂಎಲ್, ಕಫ್ (ಸುತ್ತ ಉಬ್ಬುವ ಪಟ್ಟಿ) ಇಲ್ಲದ ಉಸಿರಾಟದ ಟ್ಯೂಬ್ 5ನೇ ಸೈಜು. ಈ ಇಡೀ ಲೆಕ್ಕಕ್ಕೆ 'ವೆಟ್‌ಫ್ಲ್ಯಾಗ್' ಅಂತ ಹೆಸರು. ತಂಡ ತಲುಪುವವರೆಗೆ ಆ ಸಣ್ಣ ಆಸ್ಪತ್ರೆಯ ಡಾಕ್ಟರಿಗೆ ಫೋನಿನಲ್ಲೇ ಕೈಹಿಡಿದು ನಡೆಸಬೇಕು. ಗಾಬರಿಯಾದವರ ಜೊತೆ ಸಮಾಧಾನವಾಗಿ ಮಾತಾಡುವುದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ, ಅಲ್ವಾ?

ಚಳಿಗಾಲ ಬಂತೆಂದರೆ ಆರ್‌ಎಸ್‌ವಿ ವೈರಸ್ಸಿನ ಹಾವಳಿ. ಬ್ರಾಂಕಿಯೊಲೈಟಿಸ್ (ಶ್ವಾಸಕೋಶದ ಸಣ್ಣ ನಾಳಗಳ ಸೋಂಕು) ಆದ ಕೂಸುಗಳಿಂದ ಬೆಡ್ಡೆಲ್ಲಾ ತುಂಬುತ್ತವೆ. ಆಗ ರಜೆ ಕೇಳುವ ಯೋಚನೆ ಬಿಟ್ಟುಬಿಡಿ.

ಇನ್ನು ಮೌಲ್ಯಮಾಪನ. ಡಿಎಂನ ಹಾಗೆ ಕೊನೆಗೊಂದು ದೊಡ್ಡ ಪರೀಕ್ಷೆ ಇರುವುದಿಲ್ಲ. ವರ್ಷವಿಡೀ ಸಣ್ಣ ಸಣ್ಣ ಮೌಲ್ಯಮಾಪನಗಳು, ವರ್ಷಕ್ಕೊಮ್ಮೆ ಎಆರ್‌ಸಿಪಿ ಅನ್ನುವ ಪರಿಶೀಲನೆ. ನರ್ಸುಗಳು ನಿಮ್ಮ ಬಗ್ಗೆ ಬರೆಯುವ ಅಭಿಪ್ರಾಯವೂ ಅದರಲ್ಲಿ ಸೇರುತ್ತದೆ. ಹಿರಿಯ ತಜ್ಞರಾದ ಕನ್ಸಲ್ಟೆಂಟ್‌ಗೆ "ಸರ್" ಅಂದು, ನರ್ಸಿಗೆ ದಬಾಯಿಸುವವರು ಇಲ್ಲಿ ಬೇಗ ಪೇಚಿಗೆ ಸಿಲುಕುತ್ತಾರೆ.

ಟ್ರೇನಿ ಹುದ್ದೆಗೆ ಪೈಪೋಟಿ ಈಗ ವಿಪರೀತ. ಬ್ರಿಟನ್‌ನಲ್ಲೇ ಓದಿದವರಿಗೆ ಆದ್ಯತೆ ಕೊಡುವುದಾಗಿ 2025ರ ಜುಲೈನಲ್ಲೇ ಸರ್ಕಾರ ಹೇಳಿದೆ. ಟ್ರೇನಿ ಹುದ್ದೆ ಸಿಗದಿದ್ದರೆ ಎರಡು ದಾರಿ. ಕಲಿತು ಊರಿಗೆ ವಾಪಸ್ ಹೋಗುವವರಿಗೆ ಎಂಟಿಐ ಯೋಜನೆ ಇದೆ, ಹೆಚ್ಚೆಂದರೆ ಎರಡು ವರ್ಷ. ಇಲ್ಲೇ ನೆಲೆಸುವವರಿಗೆ ಪೋರ್ಟ್‌ಫೋಲಿಯೊ ಪಾತ್‌ವೇ. ಹಿಂದೆ ಇದನ್ನು ಸೀಸರ್ ಅನ್ನುತ್ತಿದ್ದರು. ಫೆಲೋ ಆಗಿ ಮಾಡಿದ ಕೆಲಸಕ್ಕೆ ಸಾಕ್ಷಿ ಕೂಡಿಸಿ ಜಿಎಂಸಿಗೆ ಕೊಟ್ಟು, ತಜ್ಞರ ಪಟ್ಟಿಯಾದ ಸ್ಪೆಷಲಿಸ್ಟ್ ರಿಜಿಸ್ಟರ್‌ಗೆ ಸೇರುವ ದಾರಿ ಇದು. ಆ ರಿಜಿಸ್ಟರ್‌ನಲ್ಲಿ ಹೆಸರಿಲ್ಲದೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಕಾಯಂ ಕನ್ಸಲ್ಟೆಂಟ್ ಆಗಲು ಬರುವುದಿಲ್ಲ.

ಸಾಕ್ಷಿ ಅಂದರೆ ಕಂತೆಗಟ್ಟಲೆ ಕಾಗದ. ಹಾಕಿದ ಪ್ರತಿ ಟ್ಯೂಬು, ಪ್ರತಿ ಸೆಂಟ್ರಲ್ ಲೈನು ಲಾಗ್‌ಬುಕ್‌ನಲ್ಲಿರಲಿ. ರೋಗಿಯ ಹೆಸರು, ಆಸ್ಪತ್ರೆ ನಂಬರ್ ಅಳಿಸಿರಲಿ. ಕನ್ಸಲ್ಟೆಂಟ್ ಸಹಿಯನ್ನು ಅದೇ ವಾರ ಹಾಕಿಸಿಕೊಳ್ಳಿ, ಅವರು ಬೇರೆ ಆಸ್ಪತ್ರೆಗೆ ಹೋದ ಮೇಲೆ ಹುಡುಕುವುದು ದೊಡ್ಡ ಫಜೀತಿ. ಫೆಲೋ ಕೆಲಸದ ಇಂಟರ್‌ವ್ಯೂನಲ್ಲೇ ಕೇಳಿಬಿಡಿ: ಸೂಪರ್‌ವೈಸರ್ ಯಾರು, ರಿಟ್ರೀವಲ್‌ಗೆ ಕಳಿಸುತ್ತೀರಾ, ಅರಿವಳಿಕೆ ವಿಭಾಗದಲ್ಲಿ ಕೆಲವು ತಿಂಗಳು ಸಿಗುತ್ತದಾ?